ಎರಡನೆಯ ಭೇಟಿಗೆ ಯಾರೂ ಇರಲಿಲ್ಲ

ಆ ಸಭಾಭವನದ ಹಿಂಬದಿಯ ತುರ್ತು ನಿರ್ಗಮನ ದ್ವಾರಕ್ಕೆ ಸರಪಳಿ ಸುತ್ತಿ ಬೀಗ ಹಾಕಿದ್ದುದನ್ನು ನಾನು ಮೊದಲ ಬಾರಿ ಕಂಡದ್ದು ಅಗ್ನಿ ಸುರಕ್ಷತೆಯ ತಪಾಸಣಾಧಿಕಾರಿಯಾಗಿ ಕೆಲಸಕ್ಕೆ ಸೇರಿದ ನಾಲ್ಕನೆಯ ವರ್ಷದಲ್ಲಿ. ನಿಯಮದ ಕಲಮನ್ನು ಉಲ್ಲೇಖಿಸಿ ನೋಟಿಸ್ ಬರೆದೆ, ಹದಿನೈದು ದಿನಗಳ ಗಡುವು ಕೊಟ್ಟೆ, ವ್ಯವಸ್ಥಾಪಕರು ತಕರಾರಿಲ್ಲದೆ ಸಹಿ ಹಾಕಿದರು. ಮತ್ತೆ ನಾನು ಆ ಕಟ್ಟಡದ ಒಳಗೆ ಕಾಲಿಟ್ಟದ್ದು ಹದಿನಾಲ್ಕು ತಿಂಗಳ ಬಳಿಕ, ವಾರ್ಷಿಕ ತಪಾಸಣೆಯ ಸರದಿ ಬಂದಾಗ. ಸರಪಳಿ ಅದೇ, ಬೀಗವೂ ಅದೇ. ಬೀಗದ ಮೇಲೆ ಸ್ವಲ್ಪ ತುಕ್ಕು ಬಂದಿತ್ತು, ಅಷ್ಟೇ ವ್ಯತ್ಯಾಸ. ಕಡತ ತೆರೆದು ನೋಡಿದರೆ ನನ್ನದೇ ಕೈಬರಹದಲ್ಲಿ ‘ಮರುತಪಾಸಣೆ ಬಾಕಿ’ ಎಂಬ ಎರಡು ಪದಗಳಿದ್ದವು. ಹಿಂದಿನ ವರ್ಷದ ಇಲಾಖಾ ವರದಿಯಲ್ಲಿ ಮಾತ್ರ ಆ ಕಟ್ಟಡ ‘ತಪಾಸಣೆ ಪೂರ್ಣ’ ಎಂಬ ಅಂಕಣದಲ್ಲಿ ಸೇರಿಹೋಗಿತ್ತು.

ಅಲ್ಲಿ ಬೆಂಕಿ ಬೀಳಲಿಲ್ಲ, ಯಾರಿಗೂ ಏನೂ ಆಗಲಿಲ್ಲ. ಆದರೂ ಆ ಹದಿನಾಲ್ಕು ತಿಂಗಳಲ್ಲಿ ಎಷ್ಟು ಸಂಜೆಗಳು ಆ ಭವನ ಜನರಿಂದ ತುಂಬಿರಬಹುದೆಂದು ಲೆಕ್ಕ ಹಾಕುವುದನ್ನು ನಾನು ಬಹಳ ದಿನ ನಿಲ್ಲಿಸಲಾಗಲಿಲ್ಲ. ಅದೇ ವರ್ಷ ನಮ್ಮ ಮೇಲಧಿಕಾರಿಗಳು, ಅಗ್ನಿ ಸುರಕ್ಷತೆ ಮತ್ತು ಕಟ್ಟಡ ನಿಯಮಗಳ ಜಾರಿ ವಿಭಾಗಕ್ಕೆ ನಿಜವಾಗಿ ಎಷ್ಟು ಮಂದಿ ಬೇಕೆಂಬುದನ್ನು ಲೆಕ್ಕ ಹಾಕಿ ವರದಿ ಕೊಡುವ ಕೆಲಸವನ್ನು ನನಗೆ ವಹಿಸಿದರು. ಆಗ ಮಂಜೂರಾಗಿದ್ದ ತಪಾಸಣಾಧಿಕಾರಿಗಳ ಹುದ್ದೆ ಐದು, ಅದರಲ್ಲಿ ಒಂದು ಖಾಲಿ. ಎರಡು ವಾರಗಳಲ್ಲಿ ಮುಗಿಯುವ ಕೆಲಸವೆಂದು ಒಪ್ಪಿಕೊಂಡೆ. ಮುಗಿಸಲು ಏಳು ತಿಂಗಳು ಹಿಡಿಯಿತು.

ಮೊದಲ ತಪ್ಪನ್ನು ಮೊದಲ ವಾರದಲ್ಲೇ ಮಾಡಿದೆ. ಜನಸಂಖ್ಯೆಯನ್ನು ಮುಂದಿಟ್ಟುಕೊಂಡು, ಇಷ್ಟು ಜನರಿಗೆ ಒಬ್ಬ ತಪಾಸಣಾಧಿಕಾರಿ ಎಂಬ ಅನುಪಾತವನ್ನು ಹುಡುಕಲು ಹೊರಟೆ. ನಮ್ಮಷ್ಟೇ ಜನಸಂಖ್ಯೆಯ ಬೇರೆ ಊರುಗಳ ಕಚೇರಿಗಳಿಗೆ ಪತ್ರ ಬರೆದು ಸಂಖ್ಯೆಗಳನ್ನು ತರಿಸಿಕೊಂಡೆ. ಒಂದರಲ್ಲಿ ಮೂವರಿದ್ದರು, ಇನ್ನೊಂದರಲ್ಲಿ ಹನ್ನೊಂದು ಮಂದಿ. ಒಂದು ಊರಿನಲ್ಲಿ ಬಹುತೇಕ ಒಂದಂತಸ್ತಿನ ಮನೆಗಳು; ಇನ್ನೊಂದರಲ್ಲಿ ಬಹುಮಹಡಿ ವಸತಿಗಳು, ರಾಸಾಯನಿಕ ದಾಸ್ತಾನುಗಳು, ಆಸ್ಪತ್ರೆಗಳು. ತಪಾಸಣೆಗೆ ಒಳಪಡುವುದು ಕಟ್ಟಡ. ಅದರ ಕಷ್ಟವನ್ನು ಊರಿನ ತಲೆ ಎಣಿಕೆ ಹೇಳುವುದಿಲ್ಲ ಎಂಬ ಸರಳ ಸಂಗತಿ ನನಗೆ ಹೊಳೆಯಲು ಎರಡು ವಾರ ಬೇಕಾಯಿತೆಂದು ಹೇಳಿಕೊಳ್ಳಲು ಈಗಲೂ ಸಂಕೋಚವಾಗುತ್ತದೆ.

ಎರಡನೆಯ ಪ್ರಯತ್ನವಾಗಿ ವಿಮಾ ಕ್ಷೇತ್ರದ ಮಾನದಂಡವೊಂದನ್ನು ಓದಿದೆ. ಅಮೆರಿಕದಲ್ಲಿ 1992ರ ಆಂಡ್ರ್ಯೂ ಚಂಡಮಾರುತದ ನಂತರ, ನಿಯಮಗಳು ಪುಸ್ತಕದಲ್ಲಿ ಚೆನ್ನಾಗಿಯೇ ಇದ್ದರೂ ಅವುಗಳ ಜಾರಿ ಸಡಿಲವಾಗಿದ್ದುದರಿಂದ ಹಾನಿ ಹೆಚ್ಚಾಯಿತೆಂಬುದು ಮನವರಿಕೆಯಾಗಿ, ಸ್ಥಳೀಯ ಕಟ್ಟಡ ಇಲಾಖೆಗಳಿಗೆ 1ರಿಂದ 10ರವರೆಗೆ ದರ್ಜೆ ಕೊಡುವ ಪದ್ಧತಿಯೊಂದು 1990ರ ದಶಕದಲ್ಲಿ ಜಾರಿಗೆ ಬಂತು. ಸಿಬ್ಬಂದಿ ಸಾಲುತ್ತದೆಯೇ ಎಂದು ಅಳೆಯಲು ಅದು, ಪೂರ್ಣಾವಧಿಯ ಒಬ್ಬ ತಪಾಸಣಾಧಿಕಾರಿಗೆ ದಿನಕ್ಕೆ 10 ತಪಾಸಣೆ ಎಂಬ ಅಳತೆಯನ್ನು ಹಿಡಿಯುತ್ತದೆ. ನಿರ್ಮಾಣ ಹಂತದ ಭೇಟಿಗಳಿಗೆ, ಅಂದರೆ ತಳಪಾಯದ ಕಬ್ಬಿಣ ಕಟ್ಟಿದ್ದು ಸರಿಯಿದೆಯೇ, ತಂತಿ ಎಳೆದದ್ದು ಸರಿಯಿದೆಯೇ ಎಂದು ನೋಡುವ ಭೇಟಿಗಳಿಗೆ, ಅದು ಒಪ್ಪುವ ಅಳತೆ. ಆದರೆ ಆರು ಮಹಡಿಯ ಆಸ್ಪತ್ರೆಯನ್ನು ನೆಲಮಾಳಿಗೆಯಿಂದ ತಾರಸಿಯವರೆಗೆ ನೋಡಿ ಮುಗಿಸುವ ಕೆಲಸಕ್ಕೆ ಅದೇ ಅಳತೆಯನ್ನು ಹಿಡಿದರೆ, ಕಾಗದದ ಮೇಲೆ ನಮ್ಮಲ್ಲಿ ಸಿಬ್ಬಂದಿ ಹೆಚ್ಚಾಗಿದ್ದಾರೆಂಬ ಫಲಿತಾಂಶ ಬರುತ್ತಿತ್ತು. ಆ ಪುಟವನ್ನು ನಾನು ಹಣಕಾಸು ವಿಭಾಗದವರ ಕಣ್ಣಿಗೆ ಬೀಳದಂತೆ ಇಟ್ಟುಕೊಂಡೆ ಎಂದರೆ ಸುಳ್ಳಾಗದು.

ಕೊನೆಗೆ ದಾರಿ ತೋರಿಸಿದ್ದು ಅಮೆರಿಕದ ರಾಷ್ಟ್ರೀಯ ಅಗ್ನಿ ಸಂರಕ್ಷಣಾ ಸಂಘವು 2014ರಲ್ಲಿ ಮೊದಲು ಹೊರತಂದ ಎನ್‌ಎಫ್‌ಪಿಎ 1730 ಎಂಬ ಮಾನಕ. ಅದು ಅನುಪಾತವನ್ನು ಕೊಡುವುದೇ ಇಲ್ಲ. ಯಾವ ಯಾವ ಸೇವೆ ನಿಮ್ಮ ಮೇಲಿದೆ, ಒಂದೊಂದಕ್ಕೂ ಎಷ್ಟು ಹೊತ್ತು ಹಿಡಿಯುತ್ತದೆ, ಒಟ್ಟು ಎಷ್ಟು ಗಂಟೆಗಳ ಕೆಲಸವಾಯಿತು, ಒಬ್ಬ ವ್ಯಕ್ತಿ ವರ್ಷದಲ್ಲಿ ವಾಸ್ತವವಾಗಿ ಎಷ್ಟು ಗಂಟೆ ಸಿಗುತ್ತಾನೆ, ಹಾಗಾದರೆ ಎಷ್ಟು ಜನ ಬೇಕು ಎಂದು ಹಂತಹಂತವಾಗಿ ಕೇಳುತ್ತಾ ಹೋಗುತ್ತದೆ. ಹೆಚ್ಚು ಅಪಾಯದ ಕಟ್ಟಡಗಳಿಗೆ ವರ್ಷಕ್ಕೊಮ್ಮೆ, ಮಧ್ಯಮ ಅಪಾಯದವಕ್ಕೆ ಎರಡು ವರ್ಷಕ್ಕೊಮ್ಮೆ, ಕಡಿಮೆ ಅಪಾಯದವಕ್ಕೆ ಮೂರು ವರ್ಷಕ್ಕೊಮ್ಮೆ ತಪಾಸಣೆ ನಡೆಯಬೇಕೆಂಬುದು ಅದರ ಕನಿಷ್ಠ ಮಿತಿ. ನಮ್ಮ ನಿಯಮಗಳಿಗೆ ಆ ಮಾನಕ ಕಡ್ಡಾಯವಾಗಿರಲಿಲ್ಲ; ಆದರೂ ಕೇಳಬೇಕಾದ ಪ್ರಶ್ನೆಗಳನ್ನು ಸರಿಯಾದ ಕ್ರಮದಲ್ಲಿ ಕೇಳುವ ಬೇರೆ ಯಾವ ದಾಖಲೆಯೂ ನನ್ನ ಕೈಗೆ ಸಿಕ್ಕಿರಲಿಲ್ಲ.

ಮೊದಲನೆಯ ಪ್ರಶ್ನೆಯಲ್ಲಿಯೇ ಎಡವಿದೆವು. ನಮ್ಮ ವ್ಯಾಪ್ತಿಯಲ್ಲಿ ತಪಾಸಣೆಗೆ ಒಳಪಡಬೇಕಾದ ಕಟ್ಟಡಗಳು ಎಷ್ಟು? ನಮ್ಮ ವಹಿಯಲ್ಲಿದ್ದದ್ದು 3,900. ವ್ಯಾಪಾರ ಪರವಾನಗಿ, ಆಸ್ತಿ ತೆರಿಗೆ ಮತ್ತು ನೀರಿನ ಸಂಪರ್ಕದ ಪಟ್ಟಿಗಳನ್ನು ಪಕ್ಕದಲ್ಲಿಟ್ಟುಕೊಂಡು ಸಾಲು ಸಾಲಾಗಿ ಹೊಂದಿಸಿದಾಗ ಅದು 4,700ಕ್ಕೆ ಏರಿತು. ಎಂಟುನೂರು ಕಟ್ಟಡಗಳಿಗೆ ನಮ್ಮವರು ಎಂದೂ ಹೋಗಿಯೇ ಇರಲಿಲ್ಲ, ಹೋಗಬೇಕೆಂಬುದೂ ನಮಗೆ ಗೊತ್ತಿರಲಿಲ್ಲ. ಗೋದಾಮು ಎಂದು ದಾಖಲಾಗಿದ್ದ ಒಂದರಲ್ಲಿ ತರಬೇತಿ ಶಾಲೆ ನಡೆಯುತ್ತಿತ್ತು, ಇನ್ನೊಂದರ ಮೇಲಂತಸ್ತಿನಲ್ಲಿ ಜನ ಮಲಗುತ್ತಿದ್ದರು. ಕ್ಯಾಲಿಫೋರ್ನಿಯಾದ ಓಕ್‌ಲ್ಯಾಂಡಿನಲ್ಲಿ 2016ರ ಡಿಸೆಂಬರ್ 2ರ ರಾತ್ರಿ, ‘ಘೋಸ್ಟ್ ಶಿಪ್’ ಎಂದು ಕರೆಯಲಾಗುತ್ತಿದ್ದ ಗೋದಾಮಿನಲ್ಲಿ ಸಂಗೀತ ಕಾರ್ಯಕ್ರಮಕ್ಕೆ ಸೇರಿದ್ದವರಲ್ಲಿ 36 ಮಂದಿ ಬೆಂಕಿಗೆ ಬಲಿಯಾದರು. ಮೂವತ್ತು ವರ್ಷಗಳಿಂದ ಕಟ್ಟಡ ತಪಾಸಣಾಧಿಕಾರಿಗಳು ಯಾರೂ ಆ ಕಟ್ಟಡದ ಒಳಗೆ ಹೋಗಿರಲಿಲ್ಲವೆಂದು ನಗರಾಡಳಿತವೇ ಬಳಿಕ ಹೇಳಿತು. ಆ ಸುದ್ದಿಯನ್ನು ನಾನು ಓದಿದಾಗ ಬೇರೆಯವರ ನಿರ್ಲಕ್ಷ್ಯವೆಂದು ಭಾವಿಸಿದ್ದೆ. ನಮ್ಮ ಎಂಟುನೂರರ ಪಟ್ಟಿ ಮುದ್ರಣಗೊಂಡು ಮೇಜಿನ ಮೇಲೆ ಬಿದ್ದ ಮೇಲೆ ಹಾಗೆ ಭಾವಿಸುವ ಧೈರ್ಯ ಉಳಿಯಲಿಲ್ಲ.

ಅಪಾಯದ ವರ್ಗೀಕರಣ ಬೇಗ ಮುಗಿಯಿತು. ನಿದ್ರಿಸುವ ಜನರಿರುವ ಕಟ್ಟಡಗಳು, ತಾವಾಗಿ ಎದ್ದು ಓಡಲಾಗದವರಿರುವ ಕಟ್ಟಡಗಳು, ಒಂದೆಡೆ ಬಹಳ ಜನ ಸೇರುವ ಕಟ್ಟಡಗಳು, ಅಪಾಯಕಾರಿ ದಾಸ್ತಾನಿರುವ ಕಟ್ಟಡಗಳು ಮೇಲಿನ ವರ್ಗಕ್ಕೆ ಹೋದವು. ಉಳಿದವುಗಳ ಬಗ್ಗೆ ಒಂದೆರಡು ಚರ್ಚೆಗಳಾದವು, ಅವನ್ನು ಇಲ್ಲಿ ವಿವರಿಸಬೇಕಾದ್ದಿಲ್ಲ.

ಹೊತ್ತನ್ನು ಅಳೆಯುವ ಕೆಲಸವೇ ನನಗೆ ಹೆಚ್ಚು ಕಲಿಸಿದ್ದು. ಗಡಿಯಾರ ಮತ್ತು ಕೋಷ್ಟಕ ಹಿಡಿದು ಆರು ವಾರ ನನ್ನ ಸಹೋದ್ಯೋಗಿಗಳ ಹಿಂದೆಯೇ ಓಡಾಡಿದೆ. ಕಚೇರಿಯಿಂದ ಹೊರಟ ಕ್ಷಣದಿಂದ ಕಡತದಲ್ಲಿ ಕೊನೆಯ ಸಹಿ ಬೀಳುವವರೆಗೆ ನಿಮಿಷಗಳನ್ನು ಬರೆದುಕೊಂಡೆ. ಕಟ್ಟಡದ ಒಳಗೆ ನಿಜವಾಗಿ ನೋಡುತ್ತಾ ಕಳೆದ ಹೊತ್ತು ಒಟ್ಟು ಹೊತ್ತಿನ ಅರ್ಧಕ್ಕೂ ಕಡಿಮೆ. ಉಳಿದದ್ದು ಪ್ರಯಾಣ, ಬೀಗದ ಕೈ ಇಟ್ಟುಕೊಂಡವರು ಬರುವವರೆಗಿನ ಕಾಯುವಿಕೆ, ಹಳೆಯ ಕಡತದ ಹುಡುಕಾಟ, ನೋಟಿಸಿನ ಬರವಣಿಗೆ, ಅದರ ಮೇಲೆ ಬರುವ ದೂರವಾಣಿ ಕರೆಗಳು. ಪಂಪ್ ಕೋಣೆಯ ಕೀಲಿ ಯಾರ ಬಳಿಯಿದೆಯೆಂದು ತಿಳಿಯುವುದಕ್ಕೇ ಒಮ್ಮೆ ನಲವತ್ತು ನಿಮಿಷ ಕಳೆದಿತ್ತು. ಬೆಂಕಿ ಬಿದ್ದ ಹೊತ್ತಿನಲ್ಲಿ ಆ ಕೀಲಿ ಸಿಗುತ್ತಿತ್ತೇ ಎಂಬುದೇ ಅಲ್ಲಿನ ಮುಖ್ಯ ಆಕ್ಷೇಪಣೆಯಾಗಿ ನೋಟಿಸಿನಲ್ಲಿ ಸೇರಿತು.

ಸಹೋದ್ಯೋಗಿಗಳಲ್ಲಿ ಇಬ್ಬರ ನಡುವಿನ ಅಂತರ ನನ್ನನ್ನು ಗೊಂದಲಕ್ಕೆ ಬೀಳಿಸಿತು. ಒಬ್ಬರು ಮಧ್ಯಮ ಗಾತ್ರದ ವಸತಿಗೃಹವೊಂದನ್ನು ಇಪ್ಪತ್ತೈದು ನಿಮಿಷದಲ್ಲಿ ಮುಗಿಸುತ್ತಿದ್ದರು. ನಿವೃತ್ತಿಗೆ ಹತ್ತಿರವಿದ್ದ ಹಿರಿಯರೊಬ್ಬರು ಅಂಥದ್ದೇ ಕಟ್ಟಡಕ್ಕೆ ಎರಡು ಗಂಟೆ ತೆಗೆದುಕೊಳ್ಳುತ್ತಿದ್ದರು. ಅವರು ಹೋದಲ್ಲೆಲ್ಲ ಏಣಿ ಕೇಳುತ್ತಿದ್ದರು. ತೂಗುಛಾವಣಿಯ ಹಲಗೆಯೊಂದನ್ನು ಸರಿಸಿ, ಟಾರ್ಚ್ ಬಿಟ್ಟು, ಗೋಡೆಯನ್ನು ಕೊರೆದು ಎಳೆದ ಕೇಬಲ್ಲುಗಳ ಸುತ್ತಲಿನ ಸಂದುಗಳನ್ನು ಬೆಂಕಿ ತಡೆಯುವ ವಸ್ತುವಿನಿಂದ ಮುಚ್ಚಿದ್ದಾರೆಯೇ ಎಂದು ನೋಡುತ್ತಿದ್ದರು. ಅಗ್ನಿನಿರೋಧಕ ಬಾಗಿಲನ್ನು ಪೂರ್ತಿ ತೆರೆದು ಕೈಬಿಟ್ಟು, ಅದು ತಾನಾಗಿ ಬಂದು ಚಿಲಕಕ್ಕೆ ಕೂಡುವವರೆಗೆ ನಿಂತು ನೋಡುತ್ತಿದ್ದರು. “ಮುಚ್ಚಿಕೊಂಡಿತು ಎಂದು ಬರೆಯಬೇಕಾದರೆ ಮುಚ್ಚಿಕೊಂಡದ್ದನ್ನು ನೋಡಿರಬೇಕಲ್ಲವೇ?” ಎಂದು ಒಮ್ಮೆ ಕೇಳಿದರು.

ಇಬ್ಬರ ಸರಾಸರಿ ತೆಗೆದುಕೊಳ್ಳುವುದು ನ್ಯಾಯವೆಂದು ಮೊದಲು ಕೋಷ್ಟಕದಲ್ಲಿ ಹಾಗೆಯೇ ತುಂಬಿದ್ದೆ. ಒಂದು ರಾತ್ರಿ ಕುಳಿತು ಎರಡೂ ಕಡೆಯ ನೋಟಿಸ್‌ಗಳನ್ನು ಓದಿದೆ. ಇಪ್ಪತ್ತೈದು ನಿಮಿಷದ ತಪಾಸಣೆಗಳಲ್ಲಿ ಸಿಕ್ಕ ದೋಷಗಳೆಲ್ಲ ಕಣ್ಣಿನ ಎತ್ತರದಲ್ಲಿದ್ದವು: ಅವಧಿ ಮುಗಿದ ಅಗ್ನಿಶಾಮಕ ಸಾಧನ, ಉರಿಯದ ನಿರ್ಗಮನ ಫಲಕ. ಮೇಲೆ, ಹಿಂದೆ, ಒಳಗೆ ಇದ್ದದ್ದು ಯಾವುದೂ ಇರಲಿಲ್ಲ. ಅಮೆರಿಕದ ರೋಡ್ ಐಲೆಂಡ್ ರಾಜ್ಯದ ವೆಸ್ಟ್ ವಾರ್ವಿಕ್‌ನಲ್ಲಿ 2003ರ ಫೆಬ್ರವರಿ 20ರಂದು ರಾತ್ರಿ ಕ್ಲಬ್ಬೊಂದಕ್ಕೆ ಬೆಂಕಿ ಬಿದ್ದು 100 ಮಂದಿ ಸತ್ತರು. ಅಲ್ಲಿ ತಪಾಸಣೆ ನಡೆದಿರಲಿಲ್ಲವೆಂದಲ್ಲ. ಒಳಮುಖವಾಗಿ ತೆರೆಯುವ ಬಾಗಿಲೊಂದನ್ನು ತಪಾಸಣಾ ವರದಿ ಗುರುತಿಸಿತ್ತು. ವೇದಿಕೆಯ ಗೋಡೆಗೆ ಅಂಟಿಸಿದ್ದ, ಕ್ಷಣಾರ್ಧದಲ್ಲಿ ಹೊತ್ತಿ ಉರಿಯುವ ಫೋಮ್ ಮಾತ್ರ ವರದಿಗೆ ಬರಲಿಲ್ಲ. ಅವಸರದವರ ಹೊತ್ತನ್ನು ಸರಾಸರಿಗೆ ಸೇರಿಸಿದರೆ, ಸಿಬ್ಬಂದಿ ಕೊರತೆಯಿಂದಲೇ ಹುಟ್ಟಿದ ಅವಸರವನ್ನು ಸಿಬ್ಬಂದಿ ಎಷ್ಟು ಬೇಕೆಂಬ ಲೆಕ್ಕಕ್ಕೆ ಆಧಾರವಾಗಿ ಬಳಸಿದಂತಾಗುತ್ತಿತ್ತು. ಕೋಷ್ಟಕವನ್ನು ಅಳಿಸಿ, ಏಣಿ ಹತ್ತುವವರ ಹೊತ್ತನ್ನೇ ತುಂಬಿದೆ. ಬೇಗ ಮುಗಿಸುತ್ತಿದ್ದ ಸಹೋದ್ಯೋಗಿಯನ್ನು ನಾನು ದೂರುವುದಿಲ್ಲ. ಅವರ ಮೇಜಿನ ಮೇಲೆ ಆ ತಿಂಗಳ ಗುರಿಯ ಸಂಖ್ಯೆ ಅಂಟಿಸಿತ್ತು, ಅದನ್ನು ಅಂಟಿಸಿದ್ದು ನಮ್ಮ ವಿಭಾಗವೇ.

ಇನ್ನು ಮರುತಪಾಸಣೆ. ನಮ್ಮ ಮಾಸಿಕ ವರದಿಯ ನಮೂನೆಯಲ್ಲಿ ಅದಕ್ಕೊಂದು ಅಂಕಣವೇ ಇರಲಿಲ್ಲ. ಮೊದಲ ಭೇಟಿಗೆ ಒಂದು ಅಂಕ ಸಿಗುತ್ತಿತ್ತು, ಎರಡನೆಯದಕ್ಕೆ ಏನೂ ಇಲ್ಲ. ಹೀಗಿರುವಾಗ ಕೈಗಳು ಕಡಿಮೆಯಾದ ಕಚೇರಿ ಯಾವುದನ್ನು ಬಿಡುತ್ತದೆಂಬುದು ಊಹಿಸಲಾಗದ್ದೇನಲ್ಲ. ಎರಡು ವರ್ಷಗಳ ನೋಟಿಸ್‌ಗಳನ್ನು ಒಂದೊಂದಾಗಿ ತೆಗೆದು, ಗಡುವಿನೊಳಗೆ ಯಾರಾದರೂ ಹಿಂದಿರುಗಿ ಹೋಗಿ ನೋಡಿದ್ದಾರೆಯೇ ಎಂದು ಗುರುತು ಹಾಕುತ್ತಾ ಬಂದೆ. ಮೂರರಲ್ಲಿ ಎರಡು ಪಾಲಿಗೆ ಯಾರೂ ಹೋಗಿರಲಿಲ್ಲ. ನನ್ನ ಹೆಸರಿನವೂ ಅವುಗಳಲ್ಲಿ ಸಾಕಷ್ಟಿದ್ದವು. ತಪಾಸಣೆಗಳ ಸಂಖ್ಯೆ ಪ್ರತಿ ವರ್ಷ ಏರುತ್ತಲೇ ಇತ್ತು, ಮೇಲಿನವರಿಗೆ ಅದೇ ಕಾಣುತ್ತಿತ್ತು. ಸರಿಪಡಿಸಲಾದ ದೋಷಗಳೆಷ್ಟು ಎಂದು ಯಾರೂ ಕೇಳುತ್ತಿರಲಿಲ್ಲ. ಸಿಬ್ಬಂದಿ ಸಾಲದೆಂಬ ಸಂಗತಿ ಬಾಗಿಲಿನ ಸರಪಳಿಯಲ್ಲಿ ಕಾಣಿಸುತ್ತದೆ, ವಾರ್ಷಿಕ ವರದಿಯಲ್ಲಿ ಕಾಣಿಸುವುದಿಲ್ಲ.

ಒಬ್ಬರು ವರ್ಷಕ್ಕೆ ಎಷ್ಟು ಗಂಟೆ ಸಿಗುತ್ತಾರೆಂಬುದರ ಲೆಕ್ಕ ಚಿಕ್ಕದು. ವಾರಕ್ಕೆ 40 ಗಂಟೆಯಂತೆ 52 ವಾರಕ್ಕೆ 2,080. ರಜೆ, ಅನಾರೋಗ್ಯ, ತರಬೇತಿ, ಸಭೆ, ನ್ಯಾಯಾಲಯದ ಹಾಜರಿ ಇವುಗಳನ್ನು ಕಳೆದರೆ ನಮ್ಮಲ್ಲಿ ಉಳಿದದ್ದು ಸುಮಾರು 1,400. ನ್ಯಾಯಾಲಯದ ಹಾಜರಿಯೊಂದೇ ಒಬ್ಬ ಸಹೋದ್ಯೋಗಿಯ ವರ್ಷದಲ್ಲಿ ಹನ್ನೊಂದು ದಿನಗಳನ್ನು ನುಂಗಿತ್ತು, ಅವುಗಳಲ್ಲಿ ಒಂಬತ್ತು ದಿನ ಪ್ರಕರಣ ಮುಂದೂಡಲ್ಪಟ್ಟಿತ್ತು.

ಇತ್ತ ಕಡೆ, ಮೂರೂ ವರ್ಗಗಳ ನಿಯತ ತಪಾಸಣೆಗೆ ವರ್ಷಕ್ಕೆ 5,900 ಗಂಟೆ, ಮರುತಪಾಸಣೆಗೆ 1,900, ಹೊಸ ಕಟ್ಟಡಗಳ ನಕ್ಷೆ ಪರಿಶೀಲನೆ ಮತ್ತು ನಿರ್ಮಾಣ ಹಂತದ ಭೇಟಿಗಳಿಗೆ 2,100, ದೂರುಗಳಿಗೆ 700, ತಾತ್ಕಾಲಿಕ ಸಮಾರಂಭಗಳ ಅನುಮತಿಗೆ 500. ಒಟ್ಟು 11,100. ಅದನ್ನು 1,400ರಿಂದ ಭಾಗಿಸಿದರೆ ಸುಮಾರು ಎಂಟು ಜನ. ನಾವಿದ್ದದ್ದು ನಾಲ್ವರು. ಮೂರು ಬಾರಿ ಕೂಡಿ ನೋಡಿದೆ. ನಾವು ಅಗತ್ಯದ ಅರ್ಧದಷ್ಟೇ ಇದ್ದೇವೆಂಬುದು ಹೆಚ್ಚುಕಡಿಮೆ ನಿಖರವಾಗಿ ಹಾಗೆ ಬಂದದ್ದು ನನಗೇ ಅನುಮಾನ ಹುಟ್ಟಿಸಿತ್ತು.

ವರದಿಯನ್ನು ಮೊದಲು ಓದಿದವರೆಲ್ಲ ಕೇಳಿದ್ದು ಒಂದೇ: ಬೇರೆ ದಾರಿಯಿಲ್ಲವೇ? ಇತ್ತು, ಮತ್ತು ಅದನ್ನು ಪ್ರಾಮಾಣಿಕವಾಗಿ ಬರೆಯಬೇಕಿತ್ತು. ಬೆಂಕಿ ನಂದಿಸುವ ಠಾಣೆಗಳ ಸಿಬ್ಬಂದಿಯನ್ನು ಕಡಿಮೆ ಅಪಾಯದ ಕಟ್ಟಡಗಳ ತಪಾಸಣೆಗೆ ಕಳುಹಿಸಬಹುದು. ಅಮೆರಿಕದಲ್ಲಿ 1970ರ ದಶಕದಲ್ಲಿ ನಡೆದ ಅಧ್ಯಯನವೊಂದು, ಸಾರ್ವಜನಿಕ ಕಟ್ಟಡಗಳನ್ನೆಲ್ಲ ಬಹುಮಟ್ಟಿಗೆ ಪ್ರತಿ ವರ್ಷ ನೋಡುವ ನಗರಗಳಲ್ಲಿ ಬೆಂಕಿ ಅನಾಹುತಗಳ ಪ್ರಮಾಣ ಗಣನೀಯವಾಗಿ ಕಡಿಮೆಯೆಂದೂ, ತಪಾಸಣೆಗೆ ಠಾಣೆಯ ತಂಡಗಳನ್ನು ಬಳಸುವ ನಗರಗಳಲ್ಲಿಯೂ ಅದೇ ಫಲ ಕಂಡಿದೆಯೆಂದೂ ತೋರಿಸಿತ್ತು. ಬೆಂಕಿ ಬಿದ್ದಾಗ ಒಳಗೆ ನುಗ್ಗಬೇಕಾದವರು ಆ ಕಟ್ಟಡವನ್ನು ಮುಂಚೆಯೇ ಸುತ್ತಾಡಿರುವುದು ಪ್ರತ್ಯೇಕ ಲಾಭ. ಆದರೆ ತುರ್ತು ಕರೆ ಬಂದೊಡನೆ ಅವರು ತಪಾಸಣೆಯನ್ನು ಅರ್ಧಕ್ಕೆ ಬಿಟ್ಟು ಓಡುತ್ತಾರೆ, ಓಡಲೇಬೇಕು. ಆದ್ದರಿಂದ ಸರಳ ಕಟ್ಟಡಗಳಿಗೆ ಮಾತ್ರ ಆ ವ್ಯವಸ್ಥೆ ಸಾಕೆಂದು ಬರೆದು, ಎಂಟನ್ನು ಏಳಕ್ಕೆ ಇಳಿಸಿದೆ. ಖಾಸಗಿ ಪರಿಶೀಲಕರಿಗೆ ಒಪ್ಪಿಸುವ ಸಲಹೆಯನ್ನು ನಾನು ಬೆಂಬಲಿಸಲಿಲ್ಲ. ಕಟ್ಟಡದ ಮಾಲೀಕರಿಂದ ಸಂಭಾವನೆ ಪಡೆಯುವವರು ಅದೇ ಮಾಲೀಕರಿಗೆ ನೋಟಿಸ್ ಬರೆಯುವ ಏರ್ಪಾಡನ್ನು ಯಾರಾದರೂ ಮೇಲಿಂದ ಪರಿಶೀಲಿಸಬೇಕು, ಅದಕ್ಕೂ ಜನ ಬೇಕು.

ಮಂಡನೆಯ ದಿನ ಹಣಕಾಸಿನ ಹೊಣೆ ಹೊತ್ತಿದ್ದ ಸದಸ್ಯರೊಬ್ಬರು ವರದಿಯನ್ನು ತಿರುವಿಹಾಕಿ ಕೇಳಿದರು: “ಈಗಿರುವ ನಾಲ್ವರಿಂದಲೇ ಇಷ್ಟು ವರ್ಷ ನಡೆದಿದೆ. ನಡೆಯುತ್ತಿಲ್ಲ ಎಂದು ನೀವು ಹೇಗೆ ಹೇಳುತ್ತೀರಿ?” ಈ ಪ್ರಶ್ನೆ ಬರುತ್ತದೆಂದು ಗೊತ್ತಿದ್ದುದರಿಂದ ಉತ್ತರವಾಗಿ ಒಂದು ಪುಟವನ್ನು ಸಿದ್ಧಮಾಡಿಕೊಂಡಿದ್ದೆ. ಅದರ ಶೀರ್ಷಿಕೆ ‘ಮುಂದಿನ ವರ್ಷ ನಾವು ಮಾಡಲಾರದ ಕೆಲಸಗಳು’. ನಾಲ್ವರೇ ಇದ್ದರೆ ಯಾವ ವರ್ಗದ ಎಷ್ಟು ಕಟ್ಟಡಗಳಿಗೆ ಯಾರೂ ಹೋಗುವುದಿಲ್ಲ, ಎಷ್ಟು ನೋಟಿಸ್‌ಗಳು ಮರುತಪಾಸಣೆಯಿಲ್ಲದೆ ಕಡತದಲ್ಲಿ ಉಳಿಯುತ್ತವೆ ಎಂಬುದನ್ನು ವಿಳಾಸಗಳ ಸಮೇತ ಬರೆದಿದ್ದೆ. ಕೊನೆಯಲ್ಲಿ, ಈ ಕೆಲಸಗಳನ್ನು ಕೈಬಿಡಲು ಅನುಮೋದನೆ ನೀಡಲಾಗಿದೆ ಎಂಬ ಸಾಲೂ, ಅದರ ಕೆಳಗೆ ಸಹಿಗೆ ಜಾಗವೂ ಇತ್ತು.

ಆ ಪುಟಕ್ಕೆ ಯಾರೂ ಸಹಿ ಹಾಕಲಿಲ್ಲ. ಸಭೆಯ ಧಾಟಿ ಅಲ್ಲಿಂದ ಬದಲಾಯಿತು.

ಲಂಡನ್ನಿನ ಗ್ರೆನ್‌ಫೆಲ್ ಟವರಿನ ಪ್ರಸ್ತಾಪವೂ ಆ ಸಭೆಯಲ್ಲಿ ಬಂತು. 2017ರ ಜೂನ್ 14ರ ಆ ಬೆಂಕಿಯಲ್ಲಿ 72 ಮಂದಿ ಸತ್ತರು. ಗೋಪುರದ ನವೀಕರಣವನ್ನು ಪರಿಶೀಲಿಸಬೇಕಿದ್ದ ಸ್ಥಳೀಯ ಕಟ್ಟಡ ನಿಯಂತ್ರಣ ಅಧಿಕಾರಿ, ಸಿಬ್ಬಂದಿ ಕಡಿಮೆಯಾಗಿ ಏಕಕಾಲಕ್ಕೆ ಸುಮಾರು 130 ಯೋಜನೆಗಳು ತಮ್ಮೊಬ್ಬರ ಮೇಲೆ ಬಿದ್ದಿದ್ದವೆಂದು ವಿಚಾರಣೆಯಲ್ಲಿ ಹೇಳಿಕೆ ಕೊಟ್ಟಿದ್ದರು. ಹೊರಹೊದಿಕೆಗೆ ಬಳಸಿದ ವಸ್ತುಗಳ ತಯಾರಕರಿಂದ ಸರ್ಕಾರದವರೆಗೆ ಆ ದುರಂತಕ್ಕೆ ಹೊಣೆಗಾರರು ಹಲವರಿದ್ದಾರೆ, ಒಬ್ಬ ಅಧಿಕಾರಿಯ ಕೆಲಸದ ಹೊರೆಯಿಂದ ಎಲ್ಲವೂ ಆಯಿತೆನ್ನುವುದು ತಪ್ಪಾಗುತ್ತದೆ. ಹಾಗಾಗಿ ಅದನ್ನು ನಾನು ವರದಿಯಲ್ಲಿ ಸೇರಿಸಿರಲಿಲ್ಲ. ಬೇರೆ ಸದಸ್ಯರೊಬ್ಬರು ತಾವೇ ಎತ್ತಿದಾಗ ಮಾತ್ರ, ನಮ್ಮಲ್ಲಿ ಒಬ್ಬೊಬ್ಬರ ಹೆಸರಿನಲ್ಲಿರುವ ಕಡತಗಳೆಷ್ಟೆಂಬುದನ್ನು ಓದಿ ಹೇಳಿದೆ.

ನಾವು ಕೇಳಿದ್ದು ಇನ್ನೂ ಮೂವರನ್ನು, ಖಾಲಿಯಿದ್ದ ಒಂದು ಹುದ್ದೆಯ ಭರ್ತಿಯೂ ಸೇರಿ. ಸಿಕ್ಕದ್ದು ಆ ಖಾಲಿ ಹುದ್ದೆ ತುಂಬುವ ಅನುಮತಿ, ಒಂದು ಹೊಸ ಹುದ್ದೆ, ಮತ್ತು ಒಬ್ಬ ಗುಮಾಸ್ತೆ. ಗುಮಾಸ್ತೆಯ ಹುದ್ದೆಯನ್ನು ಸಮಾಧಾನಕ್ಕೆ ಕೊಟ್ಟದ್ದೆಂದು ಅಂದು ನಾನು ಬೇಸರಪಟ್ಟಿದ್ದೆ, ಆದರೆ ನನ್ನ ಅಂದಾಜು ತಪ್ಪಾಗಿತ್ತು. ಗಡುವು ಮುಗಿಯುವ ನೋಟಿಸ್‌ಗಳ ಪಟ್ಟಿಯನ್ನು ಪ್ರತಿ ಸೋಮವಾರ ಬೆಳಿಗ್ಗೆ ನಮ್ಮ ಮೇಜಿನ ಮೇಲಿಡುವುದು, ಕಟ್ಟಡದವರಿಗೆ ಕರೆ ಮಾಡಿ ಕೀಲಿ ಇಟ್ಟುಕೊಂಡವರು ಹಾಜರಿರುವಂತೆ ನೋಡಿಕೊಳ್ಳುವುದು, ಪತ್ರಗಳನ್ನು ಕಳುಹಿಸುವುದು, ಇವೆಲ್ಲ ಅವರ ಕೈಗೆ ಹೋದ ಮೇಲೆ ತಪಾಸಣಾಧಿಕಾರಿಗಳ ದಿನಕ್ಕೆ ಒಂದೊಂದು ಗಂಟೆಗೂ ಹೆಚ್ಚು ಹೊತ್ತು ಉಳಿಯಿತು.

ಹುದ್ದೆ ಮಂಜೂರಾಗುವುದಕ್ಕೂ ಮನುಷ್ಯ ಸಿಗುವುದಕ್ಕೂ ನಡುವೆ ಇನ್ನೊಂದು ವರ್ಷ ಕಳೆಯಿತು. ನಿಯಮಗಳನ್ನೂ ಕಟ್ಟಡ ಕೆಲಸವನ್ನೂ ಬಲ್ಲವರಿಗೆ ನಿರ್ಮಾಣ ಕಂಪನಿಗಳು ಹೆಚ್ಚು ಸಂಬಳ ಕೊಡುತ್ತವೆ. ಮೊದಲು ಆಯ್ಕೆಯಾದವರು ಮೂರನೆಯ ತಿಂಗಳಿಗೆ ಬಿಟ್ಟುಹೋದರು. ಬಳಿಕ ಸೇರಿದ ಇಬ್ಬರೂ ಸ್ವತಂತ್ರವಾಗಿ ನೋಟಿಸ್ ಬರೆಯುವ ಹಂತಕ್ಕೆ ಬರಲು ಹತ್ತು ತಿಂಗಳು ಬೇಕಾಯಿತು, ಅಷ್ಟೂ ದಿನ ಅವರಿಗೆ ಕಲಿಸುತ್ತಿದ್ದವರ ತಪಾಸಣೆಗಳ ಸಂಖ್ಯೆ ಇಳಿಯಿತು. ಇದನ್ನು ನಾನು ವರದಿಯಲ್ಲಿ ಬರೆಯಲು ಮರೆತಿದ್ದೆ. ಹೊಸಬರು ಬಂದ ಮೇಲೆ ಕೆಲಸ ಕಡಿಮೆಯಾಗಿದೆಯಲ್ಲ ಎಂಬ ಪ್ರಶ್ನೆಗೆ ಉತ್ತರಿಸುತ್ತಾ ಆ ಮರೆವಿನ ದಂಡ ತೆತ್ತೆ. ಇಂಥ ಲೆಕ್ಕ ಹಾಕುವವರು ಕಲಿಕೆಯ ಹೊತ್ತನ್ನು ಕಲಿಯುವವರ ಖಾತೆಯಲ್ಲಷ್ಟೇ ಅಲ್ಲ, ಕಲಿಸುವವರ ಖಾತೆಯಲ್ಲಿಯೂ ಬರೆದುಕೊಳ್ಳಬೇಕು. ಏಣಿಯ ಹಿರಿಯರು ಆ ನಡುವೆ ನಿವೃತ್ತರಾದರು, ಏಣಿ ಕೇಳುವ ರೂಢಿಯನ್ನು ಇಬ್ಬರಿಗೂ ಅಂಟಿಸಿಯೇ ಹೋದರು.

ಮಾಸಿಕ ವರದಿಯ ನಮೂನೆ ಈಗ ಬದಲಾಗಿದೆ. ತಪಾಸಣೆಯಾದ ಕಟ್ಟಡಗಳ ಪಕ್ಕದಲ್ಲಿ, ಗಡುವಿನೊಳಗೆ ಮರುತಪಾಸಣೆಯಾದವು, ಸರಿಪಡಿಸಲಾದವು, ಬಾಕಿ ಉಳಿದವು ಎಂಬ ಮೂರು ಅಂಕಣಗಳಿವೆ. ಮೊದಲ ಅಂಕಣದ ಸಂಖ್ಯೆ ಹಿಂದಿಗಿಂತ ಚಿಕ್ಕದಾಗಿದೆ, ಪ್ರತಿ ವರ್ಷ ಅದಕ್ಕೊಂದು ವಿವರಣೆ ಬರೆಯಬೇಕಾಗುತ್ತದೆ. ಬಾಕಿಯ ಅಂಕಣ ಇನ್ನೂ ಸೊನ್ನೆಯಾಗಿಲ್ಲ. ಮಂಜೂರಾದ ಹುದ್ದೆಗಳು ಈಗ ಆರು, ಲೆಕ್ಕ ಹೇಳುವುದು ಏಳು.

ಆ ಸಭಾಭವನಕ್ಕೆ ಹೋದ ವರ್ಷ ಹೊಸಬರಲ್ಲಿ ಒಬ್ಬರ ಜೊತೆ ಹೋಗಿದ್ದೆ. ಹಿಂಬದಿಯ ಬಾಗಿಲಿನ ಸರಪಳಿ ಹೋಗಿ, ಒಳಗಿನಿಂದ ಒತ್ತಿದರೆ ತೆರೆದುಕೊಳ್ಳುವ ಅಡ್ಡಪಟ್ಟಿ ಬಂದಿತ್ತು. ಅವರು ಒತ್ತಿದರು, ಬಾಗಿಲು ಅರ್ಧ ತೆರೆದು ನಿಂತಿತು. ಆಚೆ ಬದಿಯಲ್ಲಿ ಮಡಚಿದ ಕುರ್ಚಿಗಳನ್ನು ಪೇರಿಸಿಟ್ಟಿದ್ದರು. ವ್ಯವಸ್ಥಾಪಕರು ಈಗಲೇ ತೆಗೆಸುತ್ತೇನೆಂದು ಇಬ್ಬರನ್ನು ಕರೆದು, ನಮ್ಮ ಕಣ್ಣೆದುರೇ ತೆಗೆಸಿದರು. ಹೊಸಬರು ನೋಟಿಸಿನಲ್ಲಿ ಅದನ್ನು ದಾಖಲಿಸಿ, ಮರುತಪಾಸಣೆಗೆ ಎಂಟು ದಿನಗಳ ಮುಂದಿನ, ಸಂಜೆ ಕಾರ್ಯಕ್ರಮವಿರುವ ದಿನವೊಂದನ್ನು ಕೇಳಿ ಬರೆದುಕೊಂಡರು. ಆ ದಿನ ಅವರು ಹೋಗಿದ್ದರು. ಕಡತದಲ್ಲಿ ದಿನಾಂಕವೂ ಸಹಿಯೂ ಇವೆ.